‘ಸೀ’ ಕ್ರಿಯಾಪದಕ್ಕೆ ನಾನು ಅರ್ಥ ಬರೆದ ಬಗೆ

ನಿಘಂಟಿನ ಕೆಲಸದಲ್ಲಿ ಉದ್ದುದ್ದ ಪದಗಳು ಅಷ್ಟೇನೂ ಕಾಟ ಕೊಡುವುದಿಲ್ಲ. ‘ಫೋಟೊಸಿಂಥೆಸಿಸ್’ ಬಂದರೆ ‘ದ್ಯುತಿಸಂಶ್ಲೇಷಣೆ’ ಎಂದು ಬರೆದು ಮುಂದೆ ಸಾಗಬಹುದು. ಬೆವರಿಳಿಸುವುದು ‘ಗೆಟ್’, ‘ಟೇಕ್’, ‘ಸೀ’ಗಳಂಥ ಗಿಡ್ಡ ಪದಗಳು. ಪ್ರೌಢಶಾಲೆಯ ಮಕ್ಕಳಿಗಾಗಿ ಸಿದ್ಧವಾಗುತ್ತಿದ್ದ ಇಂಗ್ಲಿಷ್–ಕನ್ನಡ ನಿಘಂಟೊಂದರಲ್ಲಿ ‘ಎಸ್’ ಅಕ್ಷರ ನನ್ನ ಪಾಲಿಗೆ ಬಂದಿತ್ತು. ಅದರೊಳಗೆ ‘ಸೀ’ ಒಂದೇ ಪದ ತಿಂದ ಸಮಯದಲ್ಲಿ ಪುಟಗಟ್ಟಲೆ ಬೇರೆ ಪದಗಳನ್ನು ಮುಗಿಸಬಹುದಿತ್ತು.

ಹಳೆಯ ನಿಘಂಟುಗಳ ಅರ್ಥಗಳನ್ನು ಎದುರಿಗಿಟ್ಟುಕೊಂಡು ಕೂರುವುದು ಬೇಡವೆಂದು ಮೊದಲೇ ನಿರ್ಧರಿಸಿದ್ದೆ. ಪತ್ರಿಕೆ, ಪಠ್ಯಪುಸ್ತಕ, ಕ್ರಿಕೆಟ್ ವರದಿ, ಸುತ್ತೋಲೆ, ಎಲ್ಲಿಂದಲೋ ‘ಸೀ’ ಇರುವ ವಾಕ್ಯಗಳನ್ನು ಆಯ್ದು ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಬರೆದೆ. ಅದರ ಕೆಳಗೆ ಅರ್ಥ ಬರೆಯಲಿಲ್ಲ. ಅದೇ ಮಾತನ್ನು ನಮ್ಮ ಮನೆಯವರು ಹೇಳುವುದಾದರೆ ಹೇಗೆ ಹೇಳುತ್ತಾರೆ ಎಂಬ ಇಡೀ ಕನ್ನಡ ವಾಕ್ಯವನ್ನು ಬರೆದೆ. ಆಮೇಲೆ ಇಂಗ್ಲಿಷ್ ಕಡೆಯನ್ನು ಮರೆತು, ಕೆಳಗಿನ ಕನ್ನಡ ಕ್ರಿಯಾಪದದ ಪ್ರಕಾರ ಚೀಟಿಗಳನ್ನು ಗುಂಪು ಮಾಡಿದೆ. ಎಲ್ಲಕ್ಕಿಂತ ದಪ್ಪ ಗುಂಪು ‘ನೋಡು’ ಎಂಬುದೇ ಆಗಿರುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ದಪ್ಪವಾದದ್ದು ‘ಕಾಣು’.

ಇದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಹಲವು ಪುಸ್ತಕಗಳು ‘ಸೀ ಎಂದರೆ ನೋಡು’ ಎಂದೇ ಶುರು ಮಾಡುತ್ತವೆ. ‘ಐ ಆ್ಯಮ್ ಸೀಯಿಂಗ್ ಟಿವಿ’ ಎಂದು ಮಕ್ಕಳು ಬರೆಯುವುದಕ್ಕೆ ಅರ್ಧ ಕಾರಣ ಅಲ್ಲಿದೆ. ನೋಡುವುದು ನಾವಾಗಿ ಮಾಡುವ ಕೆಲಸ: ಕಣ್ಣು ತಿರುಗಿಸಬೇಕು, ಮನಸ್ಸು ಕೊಡಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ‘ಲುಕ್’ ಇದೆ, ‘ವಾಚ್’ ಇದೆ. (‘ವಾಚ್’ ಹುಟ್ಟಿದ್ದು ಎಚ್ಚರವಾಗಿರುವುದರಿಂದ, ‘ವೇಕ್’ ಅದರ ಒಡಹುಟ್ಟು.) ‘ಸೀ’ ಹಾಗಲ್ಲ. ಕಿಟಕಿ ತೆರೆದರೆ ಬೆಟ್ಟ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಕನ್ನಡದಲ್ಲಿ ‘ನನಗೆ ಬೆಟ್ಟ ಕಾಣುತ್ತಿದೆ’ ಎನ್ನುತ್ತೇವೆ. ಬೆಟ್ಟವೇ ಕರ್ತೃ, ನಾನು ಚತುರ್ಥಿಯಲ್ಲಿ ಬದಿಗೆ ನಿಂತವನು. ಇಂಗ್ಲಿಷಿಗೆ ಈ ಸೌಕರ್ಯವಿಲ್ಲ. ಅದು ‘ನಾನು’ ಎಂಬುದನ್ನು ಕರ್ತೃವಿನ ಜಾಗದಲ್ಲೇ ಕೂರಿಸಿ, ‘ಕ್ಯಾನ್’ ಸೇರಿಸಿ, ‘ಐ ಕ್ಯಾನ್ ಸೀ’ ಎನ್ನುತ್ತದೆ. ಆ ‘ಕ್ಯಾನ್’ ಎಂಬುದನ್ನು ‘ನೋಡಬಲ್ಲೆ’ ಎಂದು ಅನುವಾದಿಸಿದ ಕೂಡಲೇ ವಾಕ್ಯ ಕಣ್ಣಿನ ಆಸ್ಪತ್ರೆಯ ಮಾತಾಗಿಬಿಡುತ್ತದೆ.

‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ಈ ಎರಡು ಕ್ರಿಯಾಪದಗಳನ್ನೂ ಒಂದೇ ಸಾಲಿನಲ್ಲಿಟ್ಟು ವ್ಯತ್ಯಾಸ ಹೇಳಿಬಿಡುತ್ತದೆ. ಕಂಡದ್ದು ‘ಸೀ’, ಪರಾಂಬರಿಸಿ ನೋಡುವುದು ‘ಲುಕ್’. ನಮೂದಿನಲ್ಲಿ ‘ಕಾಣು’ ಮೊದಲು, ‘ನೋಡು’ ಆಮೇಲೆ ಎಂದು ಪಟ್ಟು ಹಿಡಿದೆ. ಸಂಪಾದಕರು ಒಪ್ಪಲು ಹಿಂದೇಟು ಹಾಕಿದಾಗ ಈ ಗಾದೆಯನ್ನೇ ಮುಂದಿಟ್ಟೆ.

‘ಕಾಣು’ ಇಟ್ಟ ಮೇಲೆ ಉಳಿದ ಅರ್ಥಗಳು ತಾವಾಗಿ ಬಂದು ಸೇರಿಕೊಂಡವು. ಸಾಹೇಬರನ್ನು ಕಾಣಬೇಕು, ಡಾಕ್ಟರನ್ನು ಕಂಡು ಬಾ: ಭೇಟಿಯ ಅರ್ಥ. ಕಷ್ಟ ಕಂಡವರು, ಊರು ಕಂಡ ಬರಗಾಲ: ಇಂಗ್ಲಿಷಿನಲ್ಲೂ ಊರುಗಳು, ವರ್ಷಗಳು, ದಶಕಗಳು ‘ಸೀ’ ಮಾಡುತ್ತವೆ. ಅರಿವಿನ ಅರ್ಥಕ್ಕೂ ನಮ್ಮಲ್ಲಿ ದಾರಿಯಿದೆ. ಜೇಡರ ದಾಸಿಮಯ್ಯನ ವಚನಗಳ ಕೊನೆಯಲ್ಲಿ ಬರುವ ‘ಕಾಣಾ ರಾಮನಾಥ’ದ ‘ಕಾಣಾ’ ಕಣ್ಣಿನ ಮಾತಲ್ಲ, ‘ತಿಳಿದುಕೊ’ ಎಂಬ ಮಾತು. ಇಂಗ್ಲಿಷಿನವರು ಮಾತಿನ ನಡುವೆ ‘ಯೂ ಸೀ’ ಎಂದು ಸೇರಿಸುವುದು ಇದಕ್ಕೆ ತೀರ ಹತ್ತಿರ.

ಹಾಗೆಂದು ‘ನೋಡು’ ಕೈಬಿಡುವಂತಿರಲಿಲ್ಲ. ಬಾಗಿಲು ಹಾಕಿದೆಯೇ ನೋಡು, ಮಕ್ಕಳು ಬೀಳದ ಹಾಗೆ ನೋಡಿಕೊ, ಇವಕ್ಕೆ ಅದೇ ಬೇಕು. ‘ವಿ ವಿಲ್ ಸೀ’ ಮತ್ತು ‘ನೋಡೋಣ’ ಎರಡೂ ಒಂದೇ ಅಚ್ಚಿನವು. ಎರಡರಲ್ಲೂ ಬಹುಮಟ್ಟಿಗೆ ‘ಆಗುವುದಿಲ್ಲ’ ಎಂಬ ಅರ್ಥ ಅಡಗಿದೆ.

ಎರಡೂ ಕ್ರಿಯಾಪದಗಳಿಗೆ ಒಗ್ಗದ ಚೀಟಿಗಳು ಪ್ರತ್ಯೇಕ ಬಿದ್ದಿದ್ದವು. ‘ಐ ಸೀ’ ಎಂಬುದಕ್ಕೆ ‘ಹೌದೇ’, ‘ಹಾಗೋ’ ಎಂದೇ ಕೊಟ್ಟೆ. ‘ಸೀ ಆಫ್’ ಎಂದರೆ ನಿಲ್ದಾಣದವರೆಗೆ ಹೋಗಿ ಕಳುಹಿಸಿ ಬರುವುದು. ಕ್ರಿಕೆಟ್ ವರದಿಗಳಲ್ಲಿ ಹೊಸ ಚೆಂಡಿನ ದಾಳಿಯನ್ನು ವಿಕೆಟ್ ಕೊಡದೆ ದಾಟುವುದೂ ಅದೇ. ‘ಸೀ ಥ್ರೂ’ ಒಂದು ಕಡೆ ಮೋಸವನ್ನು ಅರಿಯುವುದು, ಇನ್ನೊಂದು ಕಡೆ ಹಿಡಿದ ಕೆಲಸವನ್ನು ಕೊನೆ ಮುಟ್ಟಿಸುವುದು.

ಅರ್ಥಗಳ ಸರದಿಯ ಬಗ್ಗೆ ಒಂದು ಮಾತು. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಹಳೆಯ ಅರ್ಥವನ್ನು ಮೊದಲು, ಹೊಸದನ್ನು ನಂತರ ಇಡುತ್ತದೆ. ಚರಿತ್ರೆಗೆ ಅದು ಸರಿ. ನಾಳೆ ಪರೀಕ್ಷೆ ಇರುವ ಹುಡುಗಿಗೆ ಅದು ಬೇಡ. ನಾನು ಬಳಕೆಯನ್ನೇ ಹಿಡಿದು, ಮೂಲಕ್ಕೆ ಕೊನೆಯಲ್ಲಿ ಎರಡು ಸಾಲು ಮೀಸಲಿಟ್ಟೆ.

ಆ ಎರಡು ಸಾಲೇ ನನಗೆ ಅತಿ ಇಷ್ಟದ ಭಾಗ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ ‘ಸೇಒನ್’. ‘ಬೇವುಲ್ಫ್’ ಕಾವ್ಯದಲ್ಲಿ ಪ್ರತಿ ರಾತ್ರಿ ಅಲ್ಲಿ ನೀರಿನ ಮೇಲೆ ಬೆಂಕಿ ಕಾಣಬಹುದು ಎಂಬ ಭಯಂಕರ ಸಾಲಿದೆ. ಅಲ್ಲಿರುವುದು ಇದೇ ಪದ. 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಮಾಡಿದ ಬೈಬಲ್ ಅನುವಾದದ ಗಾಥಿಕ್ ಭಾಷೆಯಲ್ಲಿ (ಇಂಗ್ಲಿಷಿನ ನೆಂಟ, ಈಗ ಅಳಿದುಹೋದದ್ದು) ಇದು ‘ಸೆಹ್ವನ್’, ಇಂದಿನ ಜರ್ಮನಿನಲ್ಲಿ ‘ಸೇಎನ್’. ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ‘ಹ್’ ಸವೆದುಹೋಯಿತು. ಆದರೆ ‘ಸೈಟ್’ ಅಂದರೆ ನೋಟ ಎಂಬ ಪದದ ಕಾಗುಣಿತ ಗಮನಿಸಿ. ಉಚ್ಚಾರವೇ ಇಲ್ಲದ ‘ಜಿ’, ‘ಎಚ್’ ಅಕ್ಷರಗಳು ಮಕ್ಕಳನ್ನು ಗೋಳು ಹೊಯ್ದುಕೊಳ್ಳುತ್ತವಲ್ಲ, ಅವು ಆ ಹಳೆಯ ಉಸಿರಿನ ಗುರುತು. ಜರ್ಮನರು ‘ಜಿಖ್ಟ್’ ಎಂಬಲ್ಲಿ ಅದನ್ನು ಇನ್ನೂ ಉಚ್ಚರಿಸುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷುಗಳಿಗೆಲ್ಲ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯಲ್ಲಿ ‘ಹಿಂಬಾಲಿಸು’ ಎಂಬ ಅರ್ಥದ ಧಾತುವಿನಿಂದ ‘ಕಣ್ಣಿನಿಂದ ಹಿಂಬಾಲಿಸು’ ಎಂದಾಗಿ ಇದು ಬಂದಿತು ಎನ್ನುವವರು ಹಲವರು. ಧಾತುವೇ ಬೇರೆ ಎನ್ನುವವರೂ ಇದ್ದಾರೆ. ಮೊದಲನೆಯದು ನಿಜವಾದರೆ ನೆಂಟರ ಪಟ್ಟಿ ಮಜವಾಗಿದೆ: ಲ್ಯಾಟಿನ್ನಿನ ಮೂಲಕ ‘ಸೆಕೆಂಡ್’ (ಮೊದಲನೆಯದನ್ನು ಹಿಂಬಾಲಿಸುವುದು), ಸಂಸ್ಕೃತದ ‘ಸಚ್’ ಧಾತುವಿನಿಂದ ‘ಸಚಿವ’, ಅಂದರೆ ದೊರೆಯ ಜೊತೆಗಿರುವವನು. ನಮೂದಿನಲ್ಲಿ ‘ಇರಬಹುದು’ ಎಂಬ ಪದ ಸೇರಿಸಿ ಸಚಿವರನ್ನು ಉಳಿಸಿಕೊಂಡೆ.

ರೂಪ ಒಂದೇ ಇದ್ದು ಮೂಲ ಬೇರೆಯಾದವನ್ನು ಬೇರೆ ನಮೂದಿಗೆ ಕಳುಹಿಸುವುದು ಸುಲಭವಾಗಿತ್ತು. ಭೂತಕಾಲದ ‘ಸಾ’ ಮತ್ತು ಬಡಗಿಯ ಗರಗಸದ ‘ಸಾ’ ಒಂದಲ್ಲ. ಗರಗಸದ್ದು ‘ಕತ್ತರಿಸು’ ಎಂಬ ಅರ್ಥದ ಧಾತು. ವ್ಯಾಟಿಕನ್ ಸುದ್ದಿಗಳಲ್ಲಿ ಬರುವ ‘ಹೋಲಿ ಸೀ’ಗೂ ಕಣ್ಣಿಗೂ ಸಂಬಂಧವಿಲ್ಲ. ಅದು ಪೀಠ, ಲ್ಯಾಟಿನ್ನಿನ ‘ಸೇದೇಸ್’ನಿಂದ ಬಂದು ನಮ್ಮ ಸದನ, ಸದಸ್ಯ, ಪರಿಷತ್ತುಗಳ ಬಳಗಕ್ಕೆ ಸೇರಿದ್ದು.

ಕೊನೆಗೆ ಜಗಳವಾದದ್ದು ಒಂದೇ ಚೀಟಿಗೆ: ಯಾರೋ ಯಾರನ್ನೋ ‘ಸೀಯಿಂಗ್’ ಎಂಬ ಪ್ರೇಮದ ಅರ್ಥ. ಶಾಲೆಯ ಮಕ್ಕಳಿಗೆ ಇದೆಲ್ಲ ಯಾಕೆ ಎಂದರು ಸಂಪಾದಕರು. ಕಾಣುವ ಅರ್ಥದಲ್ಲಿ ‘ಇಂಗ್’ ರೂಪ ಸಾಮಾನ್ಯವಾಗಿ ಸಲ್ಲದು, ಭೇಟಿಯ ಮತ್ತು ಒಡನಾಟದ ಅರ್ಥದಲ್ಲಿ ಸಲ್ಲುತ್ತದೆ; ಇದನ್ನು ಬಿಟ್ಟರೆ ವ್ಯಾಕರಣದ ಆ ಪಾಠ ಅರ್ಧವಾಗುತ್ತದೆ ಎಂದು ವಾದಿಸಿದೆ. ‘ಪ್ರೀತಿಯಿಂದ ಒಡನಾಡು’ ಎಂಬ ಮಾತಿಗೆ ರಾಜಿಯಾಯಿತು. ಬದಲಿಗೆ ಇಸ್ಪೀಟಿನಲ್ಲಿ ಎದುರಾಳಿಯ ಪಣಕ್ಕೆ ಸಮನಾಗಿ ಪಣ ಒಡ್ಡುವ ‘ಸೀ’ಯನ್ನು ನಾನು ಬಿಟ್ಟುಕೊಟ್ಟೆ.