ಅತ್ತೆಮನೆಯೂ ಆಗಬೇಕು, ಕಡಲೂ ಸಿಗಬೇಕು: ಜೋಡಿಯಾಗಿ ಕುಂದಾಪುರ ಸುತ್ತುವುದು ಹೇಗೆ?

ಮದುವೆಯಾದ ಹೊಸತರಲ್ಲಿ ಹೆಂಡತಿಯ ಊರಿಗೆ ಐದು ದಿನಕ್ಕೆಂದು ಹೋಗಿದ್ದೆ. ಊರು ಕುಂದಾಪುರದ ಹತ್ತಿರ. ರಾತ್ರಿ ಜಗಲಿಯಲ್ಲಿ ಕೂತರೆ ಕಡಲಿನ ಮೊರೆತ ಕೇಳಿಸುತ್ತದೆ. ನಾನು ತುಮಕೂರು ಕಡೆಯವನು, ಕೆರೆ ಬಿಟ್ಟರೆ ದೊಡ್ಡ ನೀರು ಕಂಡವನಲ್ಲ. ಐದು ದಿನದಲ್ಲಿ ಹನ್ನೊಂದು ಮನೆಗೆ ಹೋದೆವು. ಒಂಬತ್ತು ಕಡೆ ಊಟ. ಕಡಲು ಕಂಡಿದ್ದು ಒಂದೇ ಸಲ, ಬೈಂದೂರಿನ ದೊಡ್ಡಮ್ಮನ ಮನೆಗೆ ಹೋಗುವಾಗ ಮರವಂತೆಯಲ್ಲಿ, ಬಸ್ಸಿನ ಕಿಟಕಿಯಿಂದ. ಅದೂ ನನಗೆ ಸಿಕ್ಕಿದ್ದು ಬಲಗಡೆಯ ಸೀಟು, ನದಿ ಕಡೆಯದು. ಕಡಲು ನೋಡಲು ಕತ್ತು ಚಾಚಬೇಕಾಯಿತು.

ಅದಾದ ಮೇಲೆ ಎಷ್ಟೋ ಸಲ ಹೋಗಿದ್ದೇವೆ. ಈಗ ಒಂದು ಕ್ರಮ ಕೂತಿದೆ. ನೆಂಟರಿಗೆ ಬೇಜಾರಾಗದೆ, ಇಬ್ಬರೇ ಸುತ್ತಾಡಿ ಬರಲು ಏನೇನು ಮಾಡಬೇಕು ಅಂತ ಬರೆಯುತ್ತೇನೆ.

ಮೊದಲು ತಿಂಗಳು ನೋಡಿ

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯದು. ಸೆಕೆ ಕಡಿಮೆ, ಕಡಲು ಶಾಂತ. ಏಪ್ರಿಲ್-ಮೇ ಅಂದರೆ ಮದುವೆ, ಉಪನಯನ, ಗೃಹಪ್ರವೇಶ. ಒಂದು ಕಾರ್ಯಕ್ಕೆ ಹೋದವರು ನಾಲ್ಕು ಕಾರ್ಯಕ್ಕೆ ಸಿಕ್ಕಿಬೀಳುತ್ತೀರಿ. ಮೈಯಂತೂ ಬೆವರಿ ನೀರಾಗುತ್ತದೆ.

ಮಳೆಗಾಲದ ಕರಾವಳಿ ಚಂದ, ಸುಳ್ಳಲ್ಲ. ಆದರೆ ಅದು ಮನೆಯೊಳಗೆ ಕೂತು ಹಲಸಿನ ಹಪ್ಪಳ ತಿನ್ನುವ ಚಂದ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಪೇಟೆಯಲ್ಲಿ ತಾಜಾ ಮೀನು ಕಡಿಮೆ, ರೇಟು ಜಾಸ್ತಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ಬಂದ್. ಒಮ್ಮೆ ಇದು ಗೊತ್ತಿಲ್ಲದೆ ಜೂನ್‌ನಲ್ಲಿ ಮಲ್ಪೆಗೆ ಹೋಗಿ, ಛತ್ರಿ ಹಿಡಿದುಕೊಂಡು ದ್ವೀಪವನ್ನು ದಡದಿಂದಲೇ ನೋಡಿ ಬಂದೆವು. ನೋಡಿದೆವು ಅನ್ನುವುದೂ ಜಾಸ್ತಿಯೇ. ಮಳೆಯಲ್ಲಿ ಏನೂ ಕಾಣಲಿಲ್ಲ.

ಟಿಕೆಟ್

ಬೆಂಗಳೂರಿನಿಂದಾದರೆ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ರಾತ್ರಿ ಮಲಗಿದರೆ ಬೆಳಗ್ಗೆ ಕುಂದಾಪುರ. ಕುಂದಾಪುರದ ನೀರಿನ ಹೆಸರನ್ನೇ ಈ ರೈಲಿಗೆ ಇಟ್ಟಿದ್ದಾರೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆ ಕೂಡಿ ಪಂಚಗಂಗಾವಳಿಯಾಗಿ ಇಲ್ಲಿ ಕಡಲು ಸೇರುತ್ತವೆ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಹಬ್ಬದ ದಿನವಾದರೆ ಬೆಳಗ್ಗೆ ಎಂಟಕ್ಕೇ ಫೋನ್ ಹಿಡಿದು ಕೂರಿ. ಹತ್ತೂವರೆಗೆ ನೋಡೋಣ ಅಂದರೆ ವೇಟಿಂಗ್ ಲಿಸ್ಟೇ ಗತಿ.

ಸ್ಟೇಷನ್ ಇರುವುದು ಪೇಟೆಯೊಳಗಲ್ಲ, ಮೂಡ್ಲಕಟ್ಟೆಯಲ್ಲಿ. ಅಲ್ಲಿಂದ ಆಟೊ ಬೇಕು, ಅಥವಾ ಭಾವ ಬೈಕ್ ತರಬೇಕು. ಇಬ್ಬರು, ಎರಡು ಬ್ಯಾಗು, ಒಂದು ಬೈಕು. ಆಟೊವೇ ವಾಸಿ.

ಕಾರಿನಲ್ಲಿ ಬರುವವರು ಮಳೆಗಾಲದಲ್ಲಿ ಹೊರಡುವ ಮುಂಚೆ ಶಿರಾಡಿ ಘಾಟಿಯ ಸುದ್ದಿ ವಿಚಾರಿಸಿಕೊಳ್ಳಿ. ಗುಡ್ಡ ಜರಿದು ರಸ್ತೆ ಮುಚ್ಚುವುದು ಅಲ್ಲಿ ಹೊಸತಲ್ಲ.

ನೆಂಟರ ಪಟ್ಟಿ ಮಾಡಿ, ಆಮೇಲೆ ಕಡಲಿನ ಪಟ್ಟಿ

ಎಲ್ಲರೂ ತಪ್ಪುವುದು ಇಲ್ಲೇ. ಮೊದಲು ಜಾಗ ಆರಿಸುತ್ತಾರೆ, ಸಮಯ ಉಳಿದರೆ ನೆಂಟರು ಅಂದುಕೊಳ್ಳುತ್ತಾರೆ. ಉಳಿಯುವುದಿಲ್ಲ. ಜಗಳ ಮಾತ್ರ ಉಳಿಯುತ್ತದೆ.

ಊರಿಗೆ ಹೊರಡುವ ವಾರದ ಮೊದಲು ಅತ್ತೆಗೆ ಫೋನ್ ಮಾಡಿ, ಯಾರ ಮನೆಗೆ ಹೋಗಲೇಬೇಕು ಅಂತ ಅವರಿಂದಲೇ ಕೇಳಿ. ಪಟ್ಟಿ ಅವರದ್ದಾಗಿರಲಿ. ನೀವೇ ಮಾಡಿದರೆ ಒಬ್ಬರು ಬಿಟ್ಟುಹೋಗುತ್ತಾರೆ, ಆ ಒಬ್ಬರೇ ಮದುವೆಯಲ್ಲಿ ಮಾತು ಬಿಡುತ್ತಾರೆ. ಪಟ್ಟಿ ಬಂದ ಮೇಲೆ ಅದನ್ನು ಮೂರು ಮಾಡಿ. ಊಟದ ಮನೆ, ಕಾಫಿ ಮನೆ, ಫೋನ್ ಮನೆ. ವರ್ಷದೊಳಗೆ ಸಾವೋ ಬಾಣಂತನವೋ ಆಗಿದ್ದ ಮನೆ, ಹಿರಿಯರು ಹಾಸಿಗೆ ಹಿಡಿದಿರುವ ಮನೆ, ಇವನ್ನು ಫೋನಿಗೆ ಹಾಕಬೇಡಿ. ಊಟದ ಮನೆ ಎರಡಕ್ಕಿಂತ ಜಾಸ್ತಿ ಬೇಡ.

ಕಾಫಿ ಮನೆ ಕಾಫಿ ಮನೆಯಾಗಿಯೇ ಉಳಿಯಬೇಕಾದರೆ ಹೋಗುವ ಹೊತ್ತು ಮುಖ್ಯ. ಬೆಳಗ್ಗೆ ಹನ್ನೊಂದಕ್ಕೆ ಹೋದಿರೋ, ಮುಗಿಯಿತು. ನಡೆಯುವುದು ಹೀಗೆ. ಹೊಸ್ತಿಲು ದಾಟಿ ಕೂರುತ್ತೀರಿ. ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಬರುತ್ತದೆ. ಒಂದು ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತೀರಿ. ಬಿಸಿಲಿನಲ್ಲಿ ಬಂದವನಿಗೆ ಅದಕ್ಕಿಂತ ರುಚಿ ಬೇರೆ ಇಲ್ಲ. ಅಷ್ಟರಲ್ಲಿ ಒಳಗೆ ತೆಂಗಿನಕಾಯಿ ಒಡೆದ ಸದ್ದು ಕೇಳುತ್ತದೆ. ನೀವು ಎದ್ದು ‘ಬರ್ತೀವಿ’ ಅನ್ನುವ ಹೊತ್ತಿಗೆ ಕಾಯಿ ತುರಿದು ಮಿಕ್ಸಿಗೆ ಬಿದ್ದಿರುತ್ತದೆ. ಬಾಗಿಲಲ್ಲಿ ಚಿಕ್ಕಮ್ಮ ನಿಂತು ‘ಉಂಡ್ಕಂಡೇ ಹೋಯ್ಕ್’ (ಉಂಡುಕೊಂಡೇ ಹೋಗಬೇಕು) ಅಂದರೆ ಅದು ತೀರ್ಪು, ಮೇಲ್ಮನವಿ ಇಲ್ಲ. ಹಾಗಾಗಿ ಸಂಜೆ ನಾಲ್ಕಕ್ಕೆ ಹೋಗಿ. ಕಾಫಿ, ಒಂದೆರಡು ಗೋಳಿಬಜೆ, ಅರ್ಧ ಗಂಟೆ. ಕತ್ತಲಾಗುತ್ತದೆ ಅಂತ ಎದ್ದರೆ ಯಾರೂ ಬೇಡ ಅನ್ನುವುದಿಲ್ಲ.

ಮನೆಗೂ ಜಾಗಕ್ಕೂ ಗಂಟು ಹಾಕಿ

ಕರಾವಳಿ ಉದ್ದಕ್ಕೆ ಇರುವ ಊರು. ರಾಷ್ಟ್ರೀಯ ಹೆದ್ದಾರಿ 66 ತೆಂಕಿನಿಂದ ಬಡಗಿಗೆ, ಅಂದರೆ ದಕ್ಷಿಣದಿಂದ ಉತ್ತರಕ್ಕೆ, ಹೋಗುತ್ತದೆ, ನೆಂಟರೂ ಅದರ ಪಕ್ಕದಲ್ಲೇ ಸಾಲಾಗಿ ಇರುತ್ತಾರೆ. ಪಟ್ಟಿಯ ಪ್ರತಿ ಹೆಸರಿನ ಎದುರು ತೆಂಕಾ, ಬಡಗಾ ಅಂತ ಬರೆಯಿರಿ. ಒಂದು ದಿನಕ್ಕೆ ಒಂದೇ ದಿಕ್ಕು, ಒಂದು ಮನೆ, ಒಂದು ನೋಡುವ ಜಾಗ. ಅತ್ತೆಗೆ ‘ದೊಡ್ಡಮ್ಮನ ಮನೆಗೆ ಹೋಗ್ತಿದೀವಿ’ ಅಂದರೆ ಸಾಕು. ಅದು ಸುಳ್ಳೂ ಅಲ್ಲ.

ಬಡಗಿನ ದಿನವನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ. ಆ ಕಡೆಯ ಚಂದ ಇರುವುದು ಸಂಜೆಗೆ. ಕುಂದಾಪುರ ಬಿಟ್ಟು ಹೊಳೆಗಳ ಸೇತುವೆ ದಾಟಿದರೆ ಹೆಮ್ಮಾಡಿ. ಜನವರಿಯಲ್ಲಿ ಹೋದರೆ ಇಲ್ಲಿನ ಗದ್ದೆಗಳಲ್ಲಿ ಸೇವಂತಿಗೆ ಅರಳಿರುತ್ತದೆ. ಮಾರಣಕಟ್ಟೆ ಜಾತ್ರೆಗೆ ಇದೇ ಹೂವು. ಮುಂದೆ ತ್ರಾಸಿ, ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ಮಧ್ಯೆ ರಸ್ತೆ. ಇಷ್ಟು ಹತ್ತಿರ ಬಂದ ನದಿ ಇಲ್ಲಿ ಕಡಲು ಸೇರುವುದಿಲ್ಲ. ಬೆನ್ನು ತಿರುಗಿಸಿ ಹೋಗಿ, ದೂರದ ಗಂಗೊಳ್ಳಿಯ ಬಳಿ ಸೇರುತ್ತದೆ. ಬಸ್ಸಿನಲ್ಲಿ ಹೋಗುವವರು ಎಡಗಡೆ ಸೀಟು ಹಿಡಿಯಿರಿ, ನನ್ನ ಹಾಗೆ ಮಾಡಬೇಡಿ.

ದೊಡ್ಡಮ್ಮನ ಮನೆ ಕಾಫಿ ಮುಗಿಸಿ ಬೈಂದೂರಿನ ಒತ್ತಿನೆಣೆಗೆ ಐದೂವರೆಗೆ ತಲುಪಿದರೆ ಸರಿ. ಗುಡ್ಡದ ಮೇಲಿಂದ ಕೆಳಗೆ ಹೊಳೆ ಕಡಲು ಸೇರುವುದು ಕಾಣುತ್ತದೆ. ಮೊದಲ ಸಲ ಅಲ್ಲಿ ಕೂತಾಗ ಹೆಂಡತಿ, ‘ನಾನು ಇಲ್ಲೇ ಹುಟ್ಟಿದವಳು, ಇಲ್ಲಿಗೆ ಎರಡನೇ ಸಲ ಬರ್ತಿರೋದು’ ಅಂದಳು. ಊರಿನವರೇ ಊರು ನೋಡಿರುವುದಿಲ್ಲ.

ಮುರುಡೇಶ್ವರ ಕುಂದಾಪುರದಿಂದ 60 ಕಿಲೋಮೀಟರ್ ಆಸುಪಾಸು. 123 ಅಡಿಯ ಶಿವ, ಲಿಫ್ಟ್ ಇರುವ ರಾಜಗೋಪುರ. ಮೇಲಿನಿಂದ ಕಡಲು ನೋಡುವುದು ಚೆನ್ನಾಗಿದೆ. ಶನಿವಾರ-ಭಾನುವಾರ ಮಾತ್ರ ಬೇಡ, ಲಿಫ್ಟಿನ ಸಾಲಿನಲ್ಲೇ ಹೊತ್ತು ಹೋಗುತ್ತದೆ. ಗೋಕರ್ಣ ನೂರು ಕಿಲೋಮೀಟರ್ ಮೀರುತ್ತದೆ. ಈ ಸಲಕ್ಕೆ ಬಿಟ್ಟುಬಿಡಿ.

ತೆಂಕಿನ ದಿನಕ್ಕೆ ಬೆಳಗ್ಗೆ ಬೇಗ ಹೊರಡಬೇಕು. ಉಡುಪಿಯಲ್ಲಿ ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ ಅನ್ನುವುದು ವಾಡಿಕೆ. ಮೂರೂ ರಥಬೀದಿಯಲ್ಲೇ ಇವೆ. ಗಂಡಸರು ಅಂಗಿ ತೆಗೆಯಬೇಕಾಗುತ್ತದೆ, ಪಂಚೆ ಉಟ್ಟು ಶಲ್ಯ ಹಾಕಿಕೊಂಡರೆ ರಗಳೆ ಇಲ್ಲ. ದರ್ಶನ ಆದ ಮೇಲೆ ಸುತ್ತಿಬಂದು ಹೊರಗಿನಿಂದ ಕನಕನ ಕಿಂಡಿಯಲ್ಲೂ ಒಮ್ಮೆ ಇಣುಕಿ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ. ಅಷ್ಟ ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಪೂಜೆಯ ಅಧಿಕಾರ ಹೋಗುವ ಹಬ್ಬ. ಜನಸಾಗರ ಇಷ್ಟವಿಲ್ಲದವರು ಆ ವಾರ ತಪ್ಪಿಸಿ.

ತಿಂಡಿಗೆ ಬನ್ಸ್. ಮಾಗಿದ ಬಾಳೆಹಣ್ಣು ಕಲಸಿ ಕರಿದ, ಊದಿದ, ಸ್ವಲ್ಪ ಸಿಹಿಯಾದ ಪೂರಿ ಅದು. ಆಮೇಲೆ ಮಲ್ಪೆ, ದೋಣಿ. ಸೇಂಟ್ ಮೇರೀಸ್‌ನಲ್ಲಿ ನೋಡಬೇಕಾದ್ದು ಕಲ್ಲು. ಪೆನ್ಸಿಲ್‌ಗಳನ್ನು ಕಟ್ಟಿ ನಿಲ್ಲಿಸಿದ ಹಾಗೆ, ಮೂಲೆ ಮೂಲೆಯಾದ ಕಂಬಗಳು. ಕೋಟ್ಯಂತರ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಹೀಗೆ ಸೀಳಿದೆ. ಇಳಿಯುವಾಗ ಕಾಲು ಒದ್ದೆಯಾಗುತ್ತದೆ. ಶೂ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಕಲ್ಲು ಜಾರುತ್ತದೆ, ಚಿಪ್ಪು ಚುಚ್ಚುತ್ತದೆ. ಬಿಸಿಲೇರುವ ಮುಂಚೆ ಹೋಗಿ ಬನ್ನಿ. ವಾಪಸ್ ಬರುವಾಗ ಕೋಟದ ಚಿಕ್ಕಪ್ಪನ ಮನೆ ಊಟ.

ಎಲ್ಲಿಗೂ ಹೋಗುವ ಮನಸ್ಸಿಲ್ಲದ ದಿನಕ್ಕೆ ಕುಂದಾಪುರದ ಪಕ್ಕದ ಕೋಡಿ ಇದೆ. ದೀಪಸ್ತಂಭ, ಉದ್ದನೆಯ ಮರಳು, ಜನ ಕಡಿಮೆ. ನನಗೆ ಇಷ್ಟರಲ್ಲಿ ಯಾವುದಿಷ್ಟ ಅಂದರೆ ಇದೇ.

ಬಸ್ಸು, ಸ್ಕೂಟರು

ಇಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯ. 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇವುಗಳಲ್ಲಿ ನಡೆಯುವುದಿಲ್ಲ. ಆಧಾರ್ ತೋರಿಸಿ ಕಂಡಕ್ಟರ್ ಕೈಲಿ ನಗಿಸಿಕೊಳ್ಳಬೇಡಿ, ಚಿಲ್ಲರೆ ಇಟ್ಟುಕೊಳ್ಳಿ. ಎಕ್ಸ್‌ಪ್ರೆಸ್ ಸಣ್ಣ ನಿಲ್ದಾಣದಲ್ಲಿ ನಿಲ್ಲುವುದಿಲ್ಲ, ಹತ್ತುವ ಮುಂಚೆ ಕೇಳಿ. ಮನೆಯಲ್ಲಿ ಭಾವನ ಸ್ಕೂಟರ್ ಇದ್ದರೆ ಇನ್ನೂ ಒಳ್ಳೆಯದು. ತುಂಬಿಸಿಕೊಟ್ಟ ಪೆಟ್ರೋಲ್ ಮುಂದಿನ ಸಲದ ಸಾಲ ಕೊಡಿಸುತ್ತದೆ.

ನೀರಿಗೆ ಇಳಿಯುವ ಮುಂಚೆ

ಮೊಣಕಾಲಿನವರೆಗೆ ಸಾಕು. ಮರವಂತೆಯಂಥ ಕಡೆ ನಾಲ್ಕು ಹೆಜ್ಜೆಗೇ ಆಳ ಸಿಗುತ್ತದೆ, ಹಿಂದೆ ಎಳೆಯುವ ನೀರಿಗೆ ಬಲ ಜಾಸ್ತಿ. ಎಳೆದುಕೊಂಡು ಹೋದರೆ ದಡದ ಕಡೆಗೆ ನೇರ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬನ್ನಿ. ಈಜು ಬರದವರು ತೇಲಿಕೊಂಡು ಕೈ ಬೀಸಿ ಕೂಗಬೇಕು. ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಮೀನುಗಾರರು ‘ಬೇಡ ಮಾರಾಯ್ರೆ’ ಅಂದರೂ ಅಷ್ಟೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ (ಕಡಲಿನ ಉಬ್ಬರ) ಜೋರು. ಇಳಿತದ ಹೊತ್ತು ಯಾವುದು ಅಂತ ಊರಿನವರನ್ನೇ ಕೇಳಿ, ಚಿಪ್ಪು ಹೆಕ್ಕಲು ಅದು ಸರಿ.

ಒಂದು ರಾತ್ರಿ ಆಟಕ್ಕೆ

ಆಟ ಅಂದರೆ ಇಲ್ಲಿ ಯಕ್ಷಗಾನ. ನವೆಂಬರ್‌ನಿಂದ ಮೇವರೆಗೆ ಅದರ ಮೇಳಗಳು ತಿರುಗಾಟದಲ್ಲಿರುತ್ತವೆ. ಎಲ್ಲೋ ಒಂದು ಕಡೆ, ಯಾರೋ ಹರಕೆ ಹೊತ್ತು ಆಡಿಸುವ ಹರಕೆ ಆಟ ಇದ್ದೇ ಇರುತ್ತದೆ, ಟಿಕೆಟ್ ಇಲ್ಲ. ಈ ಕಡೆಯದ್ದು ಬಡಗುತಿಟ್ಟು, ಯಕ್ಷಗಾನದ ಬಡಗಿನ ಶೈಲಿ. ಇವತ್ತು ಎಲ್ಲಿ, ಯಾವ ಪ್ರಸಂಗ ಅಂತ ಮಾವನಿಗೆ ಬಾಯಿಪಾಠ ಇರುತ್ತದೆ. ಈಗ ನಡುರಾತ್ರಿಗೆ ಮುಗಿಯುವ ಕಾಲಮಿತಿ ಆಟಗಳೂ ಇವೆ. ಚಾಪೆ, ಹೊದಿಕೆ ತೆಗೆದುಕೊಂಡು ಹೋಗಿ. ಮುಂಚೆಯೇ ಹೋದರೆ ಚೌಕಿಯ (ವೇಷ ಕಟ್ಟುವ ಜಾಗ) ಹತ್ತಿರ ನಿಂತು ಬಣ್ಣ ಹಚ್ಚುವುದನ್ನು ನೋಡಬಹುದು. ಮಧ್ಯೆ ಮಾತಾಡಿಸಬೇಡಿ, ಫ್ಲಾಶ್ ಹಾಕಿ ಫೋಟೊ ತೆಗೆಯಬೇಡಿ. ಮಾವನ ಜೊತೆ ಹೋದ ಆ ಒಂದು ರಾತ್ರಿಯಿಂದಾಗಿ, ಮರುದಿನ ಇಡೀ ನಾವು ಎಲ್ಲಿ ಹೋದೆವು ಅಂತ ಯಾರೂ ಕೇಳಲಿಲ್ಲ.

ಹೊರಡುವ ದಿನ

ಹೋಗುವಾಗಲೇ ಒಂದು ಖಾಲಿ ಬ್ಯಾಗು ಮಡಚಿ ಇಟ್ಟುಕೊಂಡಿರಿ. ಬರುವಾಗ ಕುಚ್ಚಲಕ್ಕಿ, ಹಪ್ಪಳ, ಸಂಡಿಗೆ, ಆರು ತೆಂಗಿನಕಾಯಿ ಸೇರುತ್ತವೆ. ಬೇಡ ಅನ್ನಬೇಡಿ, ಎರಡು ಕಾಯಿ ಜಾಸ್ತಿಯಾಗುತ್ತದೆ. ಕೊಬ್ಬರಿ ಎಣ್ಣೆಯ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ತುಂಡು ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ನಿಲ್ಲಿಸಿಯೇ ಇಡಿ. ಒಣಮೀನಿಗೆ ನಾಲ್ಕು ಸುತ್ತು ಪೇಪರ್, ಅದರ ಮೇಲೆ ಎರಡು ಕವರ್, ಅದರ ಮೇಲೆ ಮುಚ್ಚಳ ಇರುವ ಸ್ಟೀಲ್ ಡಬ್ಬಿ. ಇಷ್ಟು ಮಾಡಿಯೂ ಎಸಿ ಬೋಗಿಯಲ್ಲಿ ಸಕಲೇಶಪುರ ಬರುವ ಹೊತ್ತಿಗೆ ಮೇಲಿನ ಬರ್ತಿನವರು ಎದ್ದು ಕೂತು ಸುತ್ತ ಮೂಸಿ ನೋಡುತ್ತಾರೆ. ಆಗ ನಿದ್ದೆ ಬಂದವರ ಹಾಗೆ ಮಲಗಿಬಿಡಿ.