ಪಾಸ್ಟರ್‌ನಾಕ್ ಮನೆ ನೋಡಲು ಹೊರಟಿರಾ?

ರಷ್ಯನ್ ಕವಿ, ಅನುವಾದಕ ಬೋರಿಸ್ ಪಾಸ್ಟರ್‌ನಾಕ್ 1939ರಿಂದ 1960ರಲ್ಲಿ ಕಣ್ಮುಚ್ಚುವವರೆಗೆ ಬಾಳಿದ ಮರದ ಮನೆ ಮಾಸ್ಕೋ ಅಂಚಿನ ಪೆರೆಡೆಲ್ಕಿನೊದಲ್ಲಿದೆ. 1990ರಿಂದ ಅದು ವಸ್ತುಸಂಗ್ರಹಾಲಯ. ಅರ್ಧ ದಿನ ಬಿಡುವು ಮಾಡಿಕೊಳ್ಳಿ.

ಹೊರಡುವ ಮುನ್ನ ಸ್ವಲ್ಪ ಓದಿಕೊಂಡಿರಬೇಕು. ಅವರ ‘ಡಾಕ್ಟರ್ ಜಿವಾಗೊ’ ಕಾದಂಬರಿಯ ಕೊನೆಗೆ ಕವಿತೆಗಳಿವೆ. ಮೊದಲನೆಯದರ ಹೆಸರೇ ‘ಹ್ಯಾಮ್ಲೆಟ್’. ಶೇಕ್ಸ್‌ಪಿಯರನ ಆ ನಾಟಕವನ್ನು ರಷ್ಯನ್‌ಗೆ ತಂದವರೂ ಇವರೇ. ಸ್ವಂತ ಕವಿತೆ ಅಚ್ಚಾಗುವುದು ಕಷ್ಟವಿದ್ದ ವರ್ಷಗಳಲ್ಲಿ ಮನೆ ನಡೆದದ್ದು ಅನುವಾದದ ದುಡಿಮೆಯಿಂದ.

ಮಾಸ್ಕೋದ ಬೆಲರೂಸ್‌ಸ್ಕಿ ನಿಲ್ದಾಣದಲ್ಲಿ ಡಿ4 ಲೋಕಲ್ ರೈಲು ಹತ್ತಿ, ಪೆರೆಡೆಲ್ಕಿನೊದಲ್ಲಿ ಇಳಿಯಿರಿ. ನೊವೊಪೆರೆಡೆಲ್ಕಿನೊ ಎಂಬ ಮೆಟ್ರೊ ನಿಲ್ದಾಣ ಬೇರೆ. ಹೆಸರು ನೋಡಿ ಅಲ್ಲಿ ಇಳಿದರೆ ಮತ್ತೆ ಬಸ್ಸು ಹುಡುಕಬೇಕಾಗುತ್ತದೆ. ಪೆರೆಡೆಲ್ಕಿನೊ ರೈಲು ನಿಲ್ದಾಣದಿಂದ ಪಾವ್ಲೆಂಕೊ ಬೀದಿಯ 3ನೇ ನಂಬರಿನ ಮನೆಗೆ ಸುಮಾರು ಅರ್ಧ ಗಂಟೆಯ ನಡಿಗೆ. ಹೊರದೇಶದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು 2022ರಿಂದ ರಷ್ಯಾದಲ್ಲಿ ನಡೆಯುವುದಿಲ್ಲ. ಟಿಕೆಟ್ಟಿಗೆ ರೂಬಲ್ ನಗದು ಇರಲಿ. ತೆರೆದಿರುವ ದಿನ, ಹೊತ್ತನ್ನು ಹಿಂದಿನ ದಿನವೇ ಖಚಿತಪಡಿಸಿಕೊಳ್ಳಿ. ರಷ್ಯನ್ ಬಾರದಿದ್ದರೆ ಫೋನಿನಲ್ಲಿ ಅನುವಾದದ ಆ್ಯಪ್ ಇಳಿಸಿಕೊಂಡೇ ಹೋಗಿ.

ಒಳಗೆ ಹೋಗುವ ಮೊದಲು ಹೊರಗೆ ನಿಂತು ನೋಡಿ. ಮನೆಯ ಒಂದು ಬದಿ ಅರ್ಧವೃತ್ತವಾಗಿ ಮುಂಚಾಚಿದೆ, ಸಾಲುಗಟ್ಟಿದ ಗಾಜಿನ ಕಿಟಕಿಗಳು. ಕೆಳಗಿನ ಕೋಣೆಗಳ ಗೋಡೆಗಳಲ್ಲಿ ತಂದೆ ಲಿಯೊನಿದ್ ಬರೆದ ಚಿತ್ರಗಳಿವೆ. ಪಿಯಾನೊ ಇರುವ ಪುಟ್ಟ ಕೋಣೆಯಲ್ಲಿ ಕವಿ ಕೊನೆಯುಸಿರೆಳೆದದ್ದು. ಇಲ್ಲಿ ಗದ್ದಲ ಬೇಡ.

ಹೆಚ್ಚು ಹೊತ್ತು ಮಹಡಿಗೇ ಉಳಿಸಿಕೊಳ್ಳಿ. ಅನುವಾದಕನ ಕೋಣೆ ಎಂದರೆ ಗೋಡೆ ತುಂಬ ಪುಸ್ತಕ ಎಂದುಕೊಂಡು ಬಂದವರು ಬೆರಗಾಗುತ್ತಾರೆ. ದೊಡ್ಡ ಮೇಜು, ಕೆಲವೇ ಪುಸ್ತಕ, ಕೋಟು, ಟೋಪಿ, ಬೂಟು: ಅಷ್ಟೇ. ಗಯಟೆಯ ‘ಫೌಸ್ಟ್’ನಂಥ ದೊಡ್ಡ ಕೆಲಸ ಮಾಡಿದವರು ಇಷ್ಟರಲ್ಲೇ ಇದ್ದರು. ಈ ಸಾಮಾನು ಉಳಿದದ್ದೇ ದೊಡ್ಡದು. ಮನೆ ಕವಿಯದಲ್ಲ, ಸೋವಿಯತ್ ಲೇಖಕರ ನೆರವಿನ ಸಂಸ್ಥೆಯಾದ ‘ಲೇಖಕರ ನಿಧಿ’ಯ ಆಸ್ತಿಯಾಗಿತ್ತು. 1984ರಲ್ಲಿ ಕುಟುಂಬವನ್ನು ಒಕ್ಕಲೆಬ್ಬಿಸಿದಾಗ ಎಲ್ಲವೂ ಹೊರಗೆ ಬಿದ್ದಿತ್ತು.

ಮರಳುವಾಗ ಪೆರೆಡೆಲ್ಕಿನೊ ಸ್ಮಶಾನದಲ್ಲಿ ಕವಿಯ ಸಮಾಧಿ ನೋಡಿ: ನಿಲುಗಲ್ಲಿನ ಮೇಲೆ ಪಾರ್ಶ್ವಮುಖದ ಕೆತ್ತನೆ. ಅದು ಇಳಿಜಾರಿನ ಜಾಗ. ಹಿಮ ಬಿದ್ದಾಗ ಕಾಲು ಜಾರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು ಕವಿಯುವುದರಿಂದ ಮನೆಯನ್ನು ಮಧ್ಯಾಹ್ನ ಎರಡೂವರೆಗೆ ಬಿಟ್ಟುಬಿಡಿ.