ಹಳೆಯ ಟರ್ಬೊ ಪೆಟ್ರೋಲ್ ಕಾರು ಕೊಳ್ಳುವಿರಾದರೆ ಎಂಜಿನ್ ತಣ್ಣಗಿರುವಾಗಲೇ ನೋಡಿ

ಒಂದು ಲೀಟರಿನ ಆಸುಪಾಸಿನ ಟರ್ಬೊ ಪೆಟ್ರೋಲ್ ಎಂಜಿನ್‌ಗಳು ನಮ್ಮ ರಸ್ತೆಗೆ ಬಂದು ದಶಕ ಕಳೆದಿದೆ. ಹೊರಹೋಗುವ ಹೊಗೆಯ ರಭಸಕ್ಕೆ ತಿರುಗುವ ಟರ್ಬೊ, ಇವುಗಳ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತದೆ. 2013ರಲ್ಲಿ ಫೋರ್ಡ್ ಇಕೊಸ್ಪೋರ್ಟ್, 2017ರಲ್ಲಿ ಮಾರುತಿ ಬಲೆನೊ ಆರ್‌ಎಸ್ ಮತ್ತು ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ, 2020ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ ಮತ್ತು ನಿಸಾನ್ ಮ್ಯಾಗ್ನೈಟ್ ಹೀಗೆ ಒಂದರ ಹಿಂದೆ ಒಂದು ಬಂದ ಈ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿವೆ. ಕೊಳ್ಳುವವರು ಮಾತ್ರ ಹಳೆಯ ಸಾಧಾರಣ ಎಂಜಿನ್ನಿನ ಕಾರನ್ನು ನೋಡುವಂತೆಯೇ ಇವನ್ನೂ ನೋಡುತ್ತಾರೆ: ಬಣ್ಣ, ಟೈರು, ಎಸಿ, ಕಿಲೋಮೀಟರ್, ಕೊನೆಗೆ ಬಾನೆಟ್ ಎತ್ತಿ ಎರಡು ನಿಮಿಷ ಇಣುಕು. ಅಷ್ಟರಲ್ಲಿ ಮಾರುವವರು ಎಂಜಿನ್ ಚಾಲೂ ಮಾಡಿ ಬಿಸಿ ಮಾಡಿಟ್ಟಿರುತ್ತಾರೆ. ಬಿಸಿಯಾದ ಎಂಜಿನ್ ತನ್ನ ಅರ್ಧ ದೋಷಗಳನ್ನು ಮುಚ್ಚಿಟ್ಟುಕೊಳ್ಳುತ್ತದೆ. ನನ್ನ ಪರಿಚಯದವರೊಬ್ಬರು ಸಂಜೆ ಕಾರು ನೋಡಿ, ಮೆಚ್ಚಿ, ಮುಂಗಡ ಕೊಟ್ಟು ಮನೆಗೆ ತಂದ ಮರುದಿನ ಬೆಳಿಗ್ಗೆ ಟೈಮಿಂಗ್ ಚೈನಿನ (ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಸರಪಳಿ) ಗಡಗಡ ಸದ್ದನ್ನು ಮೊದಲ ಬಾರಿಗೆ ಕೇಳಿದರು.

ಮೊದಲು ಎಂಜಿನ್ ಯಾವುದೆಂದು ತಿಳಿಯಿರಿ

ಬಲೆನೊದ 1.2 ಲೀಟರ್ ಸಾಧಾರಣ ಎಂಜಿನ್ ಸುಮಾರು 115 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿದ್ದಾಗ ಅದೇ ಕಾರಿನ ಆರ್‌ಎಸ್ ಮಾದರಿಯ 998 ಸಿಸಿ ಟರ್ಬೊ ಎಂಜಿನ್ 150 ಕೊಡುತ್ತಿತ್ತು. ಮೂರೇ ಸಿಲಿಂಡರಿನಿಂದ ಇಷ್ಟನ್ನು ಹಿಂಡುವಾಗ ಎಂಜಿನ್ನಿನ ಒಳಗಿನ ಒತ್ತಡ, ಶಾಖ ಎರಡೂ ಹೆಚ್ಚುತ್ತವೆ, ಎರಡರ ಭಾರವೂ ಕೊನೆಗೆ ಬೀಳುವುದು ಎಂಜಿನ್ ಆಯಿಲ್ ಮೇಲೆ.

ಎರಡು ಸಂಗತಿಗಳನ್ನು ವಿಚಾರಿಸಿ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ (ವೆನ್ಯೂ, ಬಲೆನೊ ಆರ್‌ಎಸ್, ಪೋಲೊ ಟಿಎಸ್‌ಐ, ಇಕೊಸ್ಪೋರ್ಟಿನ ಇಕೊಬೂಸ್ಟ್) ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವುಗಳನ್ನು ತೊಳೆಯಲು ಇಂಧನವೇ ಅತ್ತ ಹೋಗುವುದಿಲ್ಲವಾದ್ದರಿಂದ ವರ್ಷಗಳು ಕಳೆದಂತೆ ಅವುಗಳ ಮೇಲೆ ಮಸಿ ಕಟ್ಟುತ್ತದೆ. ವಾಲ್ವಿಗೆ ಮೊದಲೇ ಪೆಟ್ರೋಲ್ ಚಿಮ್ಮಿಸುವ ನೆಕ್ಸಾನ್, ಮ್ಯಾಗ್ನೈಟ್‌ಗಳ ಪೋರ್ಟ್ ಇಂಜೆಕ್ಷನ್‌ನಲ್ಲಿ ಈ ಕಾಟ ಕಡಿಮೆ. ಎರಡನೆಯದು ಟೈಮಿಂಗ್ ಬೆಲ್ಟ್, ಅಂದರೆ ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಚೈನಿನ ಕೆಲಸವನ್ನೇ ಮಾಡುವ ರಬ್ಬರ್ ಪಟ್ಟಿ. ಇಕೊಸ್ಪೋರ್ಟಿನ ಮೊದಲ 1.0 ಇಕೊಬೂಸ್ಟ್ ಎಂಜಿನ್ನಿನಲ್ಲಿ ಬೆಲ್ಟ್ ಆಯಿಲ್‌ನಲ್ಲೇ ನೆನೆಯುತ್ತಾ ತಿರುಗುತ್ತದೆ. 2012ರಿಂದ ಸತತ ಮೂರು ವರ್ಷ ಅಂತರರಾಷ್ಟ್ರೀಯ ‘ವರ್ಷದ ಎಂಜಿನ್’ ಪ್ರಶಸ್ತಿ ಗೆದ್ದ ಎಂಜಿನ್ ಅದು, ಆದರೆ ಆಯಿಲ್ ಹಳತಾದರೆ ಅಥವಾ ತಪ್ಪು ದರ್ಜೆಯದನ್ನು ಹಾಕಿದರೆ ಬೆಲ್ಟಿನ ರಬ್ಬರ್ ಉದುರಿ, ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡು, ಆಯಿಲ್ ಒತ್ತಡವೇ ಕುಸಿಯುತ್ತದೆ. ಬೆಲ್ಟ್ ಬದಲಿಸಿದ ಬಿಲ್ ಇಲ್ಲದ ಹಳೆಯ ಇಕೊಬೂಸ್ಟನ್ನು ನಾನಂತೂ ಕೊಳ್ಳುವುದಿಲ್ಲ.

ಬೆಳಗಿನ ಮೊದಲ ಸ್ಟಾರ್ಟ್

ಎಲ್ಲರೂ ಎಡವುವುದು ಇಲ್ಲಿ. ಹಿಂದಿನ ರಾತ್ರಿಯೇ ಮಾರುವವರಿಗೆ ಫೋನ್ ಮಾಡಿ, ನೀವು ಬರುವವರೆಗೆ ಕಾರನ್ನು ಸ್ಟಾರ್ಟ್ ಮಾಡಬಾರದೆಂದು ಸ್ಪಷ್ಟವಾಗಿ ಹೇಳಿ, ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಿ. ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಹಾ ಕುಡಿದು ವಾಪಸು ಬನ್ನಿ, ಇನ್ನೊಂದು ದಿನ ಹೋದರಾಯಿತು. ಎಂಜಿನ್ ಜಾಗವನ್ನು ಹಿಂದಿನ ದಿನವಷ್ಟೇ ತೊಳೆಸಿ, ಪಾಲಿಶ್ ಹೊಡೆಸಿ ಫಳಫಳಿಸುವಂತೆ ಇಟ್ಟಿದ್ದರೂ ಸಂಶಯಪಡಿ, ಏಕೆಂದರೆ ಸೋರಿಕೆಯ ಗುರುತನ್ನು ಅಳಿಸಲು ಅದಕ್ಕಿಂತ ಅಗ್ಗದ ಉಪಾಯವಿಲ್ಲ.

ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಕಪ್ಪಗಿರುವುದು ದೋಷವಲ್ಲ, ಟರ್ಬೊ ಎಂಜಿನ್ನಿನಲ್ಲಿ ಅದು ಬೇಗನೆ ಕಪ್ಪಾಗುತ್ತದೆ. ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಇಲ್ಲವೇ ಯಜಮಾನರು ಎಂದೂ ನೋಡಿಲ್ಲ. ಮೇಲಿನ ಗೆರೆ ದಾಟಿ, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ ಅದು ಎರಡು ಕಿಲೋಮೀಟರಿನ ಶಾಲೆ, ತರಕಾರಿ ಅಂಗಡಿ ಓಡಾಟದಲ್ಲೇ ಸವೆದ ಕಾರು. ಎಂಜಿನ್ ಪೂರ್ತಿ ಬಿಸಿಯಾಗದೆ, ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸಿರುತ್ತದೆ. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ತೆಳು ಕಂದು ಲೇಪ ಕಂಡರೆ ಚಿಂತೆಯಿಲ್ಲ, ಗ್ರೀಸಿನಂತಹ ಕರಿ ಕೆಸರು ಕಂಡರೆ ಮಾತುಕತೆ ಅಲ್ಲಿಗೆ ಮುಗಿಯಿತು. ಎಂಜಿನ್ ತಣಿಸುವ ದ್ರವ ತುಂಬಿದ ಕೂಲೆಂಟ್ ಡಬ್ಬಿಯಲ್ಲಿ ಬಣ್ಣವಿಲ್ಲದ ಬರಿ ನೀರಿದ್ದರೆ ಕೂಡ ಹಾಗೆಯೇ.

ಈಗ ಬೇರೆಯವರಿಂದ ಸ್ಟಾರ್ಟ್ ಮಾಡಿಸಿ ನೀವು ಬಾನೆಟ್ ಬಳಿ ನಿಲ್ಲಿ. ಚೈನ್ ಇರುವ ಎಂಜಿನ್ನಿನಲ್ಲಿ ಒಂದು ಕ್ಷಣದ ಗಡಗಡವನ್ನು ಕ್ಷಮಿಸಬಹುದು, ಮೂರು ನಾಲ್ಕು ಸೆಕೆಂಡ್ ಮುಂದುವರಿದರೆ ಚೈನ್ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆದಿದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನ ಟಿಕ್ ಟಿಕ್ ಸದ್ದು ಹೆಚ್ಚಿನ ಒತ್ತಡದ ಇಂಜೆಕ್ಟರುಗಳದು. ಅದನ್ನು ಟ್ಯಾಪೆಟ್ (ವಾಲ್ವುಗಳನ್ನು ಒತ್ತುವ ಭಾಗ) ಸದ್ದೆಂದು ತಿಳಿದು ಒಳ್ಳೆಯ ಕಾರನ್ನು ಬಿಟ್ಟವರನ್ನೂ ಕಂಡಿದ್ದೇನೆ. ನಂತರ ಹಿಂದೆ ಹೋಗಿ ಸೈಲೆನ್ಸರ್ ಬಾಯಿಯಿಂದ ಒಂದಡಿ ದೂರದಲ್ಲಿ ಅಂಗೈ ಹಿಡಿಯಿರಿ. ಮೂರು ಸಿಲಿಂಡರಿನ ಎಂಜಿನ್ ಸ್ವಭಾವತಃ ನಡುಗುತ್ತದೆಯಾದರೂ ಅದರ ಉಸಿರಿನ ಲಯ ಸಮನಾಗಿರಬೇಕು. ನಡುನಡುವೆ ಒಂದು ಬಡಿತ ತಪ್ಪಿದಂತೆ ಅಂಗೈಗೆ ತಿಳಿದರೆ ಕಿಡಿ ಹಾರಿಸುವ ಪ್ಲಗ್, ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್ ಅಥವಾ ವಾಲ್ವುಗಳ ಮಸಿ, ಯಾವುದೋ ಒಂದು ಕಾರಣವಿದೆ. ಚಳಿಯಲ್ಲಿ ಬಿಳಿ ಹಬೆ ಸಹಜ, ನೀಲಿ ಹೊಗೆ ಅಲ್ಲ.

ಈ ಹೊತ್ತಿನಲ್ಲಿ ಮಾರುವವರು ಉತ್ಸಾಹದಿಂದ ಆಕ್ಸಿಲರೇಟರ್ ತುಳಿದು ಅಬ್ಬರಿಸಿದರೆ, ಅವರು ದಿನವೂ ಹಾಗೆಯೇ ಮಾಡುತ್ತಿದ್ದರೆಂದು ಬರೆದಿಟ್ಟುಕೊಳ್ಳಿ.

ಟರ್ಬೊದ ಶಾಫ್ಟ್

ಇದಕ್ಕೆ ನಿಮ್ಮದೇ ಮೆಕ್ಯಾನಿಕ್ ಬೇಕು. ಎಂಜಿನ್ ಆರಿಸಿ, ಪೂರ್ತಿ ತಣಿದ ಮೇಲೆ, ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸನ್ನು ಬಿಚ್ಚಿಸಿ. ಒಳಗೆ ತೆಳು ಆಯಿಲ್ ಪಸೆ ಇರುತ್ತದೆ, ಮಡುಗಟ್ಟಿರಬಾರದು. ಗಾಳಿಯನ್ನು ಒತ್ತುವ ಕಂಪ್ರೆಸರ್ ಚಕ್ರದ ನಡುವಿನ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಿಸಿದಾಗ ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಪ್ಲೇ ಸಿಗುವುದು ಸರಿಯೇ, ಏಕೆಂದರೆ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗಬಲ್ಲ ಆ ಶಾಫ್ಟ್ ಓಡುವಾಗ ತೇಲುವುದು ಆಯಿಲ್‌ನ ಪದರದ ಮೇಲೆ, ನಿಂತಾಗ ಆ ಪದರ ಇರುವುದಿಲ್ಲ. ಆದರೆ ಮುಂದಕ್ಕೂ ಹಿಂದಕ್ಕೂ ಎಳೆದಾಗ ಕೈಗೆ ತಿಳಿಯುವಷ್ಟು ಚಲಿಸಿದರೆ, ಅಥವಾ ಚಕ್ರದ ಅಂಚು ಗೂಡಿಗೆ ತಾಗಿ ಉಜ್ಜಿದ ಗುರುತಿದ್ದರೆ, ಹೊಸ ಟರ್ಬೊದ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆಯಿರಿ.

ಓಡಿಸಿ ನೋಡುವುದು

ಹದಿನೈದು ಕಿಲೋಮೀಟರಾದರೂ ಓಡಿಸಿ, ಒಂದು ಏರು ಇರಲಿ. ಮೂರನೇ ಗೇರಿನಲ್ಲಿ ಎರಡು ಸಾವಿರ ಸುತ್ತಿನಿಂದ ಎಳೆಸಿದಾಗ ಪಿಕಪ್ ಒಂದೇ ಸಮ ಏರಬೇಕು. ಸಣ್ಣ ಸೀಟಿ ಸಹಜ, ವೇಗದೊಂದಿಗೆ ಏರುವ ಸೈರನ್‌ನಂತಹ ಕೂಗು ಬೇರಿಂಗ್ ಸವೆತದ್ದು. ಟಾಪ್ ಗೇರಿನಲ್ಲಿ ಸಾವಿರದಿನ್ನೂರು ಸುತ್ತಿಗೇ ಪೂರ್ತಿ ತುಳಿದು ಪರೀಕ್ಷಿಸುವ ಚಪಲ ಬೇಡ. ಕಡಿಮೆ ವೇಗದಲ್ಲಿ ಹೆಚ್ಚು ಭಾರ ಬಿದ್ದಾಗ ಇಂಧನ ಹೊತ್ತಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯಬಲ್ಲದು. ಮರಳಿದ ಮೇಲೆ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತಿ. ಹಿಂದೆ ನೀಲಿ ಹೊಗೆಯ ಮೋಡವೆದ್ದರೆ ಟರ್ಬೊದ ಸೀಲ್ ಅಥವಾ ವಾಲ್ವ್ ಸೀಲ್ ಹೋಗಿದೆ.

ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್ ಇಲ್ಲ ಎಂಬುದಷ್ಟೇ ಸಾಲದು, ಕಾರಿನ ಸ್ವಯಂಪರೀಕ್ಷೆಗಳು ಇನ್ನೂ ಅಪೂರ್ಣವೆಂದು ತೋರಿಸಿದರೆ ಯಾರೋ ಈಚೆಗಷ್ಟೇ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.

ಬಿಲ್ಲುಗಳು, ಮತ್ತು ಕೊಂಡ ಮೇಲೆ

ಸರ್ವಿಸ್ ಬಿಲ್ಲುಗಳಲ್ಲಿ ಕಿಲೋಮೀಟರಿಗಿಂತ ದಿನಾಂಕಗಳನ್ನು ಓದಿ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಓಡಿದ ಕಾರಿಗೆ 10,000 ಕಿಲೋಮೀಟರ್ ಬಹಳ ದೂರ. 7,000 ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕೆಂಬುದು ನನ್ನ ಕಟ್ಟುನಿಟ್ಟು. ಶಕ್ತಿ ಹೆಚ್ಚಿಸಲೆಂದು ಟ್ಯೂನಿಂಗ್ ಬಾಕ್ಸ್ ಹಾಕಿದ್ದ ಅಥವಾ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಹೊಂದಾಣಿಕೆ ಬದಲಿಸುವುದು) ಮಾಡಿಸಿದ್ದ ಕಾರನ್ನು ಮುಟ್ಟಬೇಡಿ.

ಕೊಂಡ ವಾರದೊಳಗೆ ಕಾರಿನ ಕೈಪಿಡಿಯಲ್ಲಿ ನಮೂದಿಸಿದ ದರ್ಜೆಯ ಸಿಂಥೆಟಿಕ್ ಆಯಿಲ್, ಆಯಿಲ್ ಫಿಲ್ಟರ್, ಪ್ಲಗ್‌ಗಳನ್ನು ಹೊಸದಾಗಿ ಹಾಕಿಸಿ. ಕೌಂಟರಿನಲ್ಲಿ ಜೊತೆಗೆ ಮಾರಲು ಬರುವ ಎಂಜಿನ್ ಫ್ಲಶ್ (ಒಳಗಿನ ಕೆಸರು ತೊಳೆಯುವ ದ್ರವ) ಮತ್ತು ‘ಟರ್ಬೊ ಟ್ರೀಟ್‌ಮೆಂಟ್’ ಬಾಟಲಿಗಳನ್ನು ಬೇಡವೆನ್ನಿ. ಫ್ಲಶ್ ಕಿತ್ತೆಬ್ಬಿಸುವ ಹಳೆಯ ಕೆಸರು, ಟರ್ಬೊಗೆ ಆಯಿಲ್ ಒಯ್ಯುವ ಸಪೂರ ಪೈಪಿನಲ್ಲಿ ಹೋಗಿ ಕೂರುವುದುಂಟು. ಮೊದಲ ಸಾವಿರ ಕಿಲೋಮೀಟರ್ ಮುಗಿಯುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ ಎಳೆದು, ಮಟ್ಟವನ್ನು ದಿನಾಂಕದ ಜೊತೆ ಬರೆದಿಡಿ.